ಅಪ್ನಿಯಾ ಇರುವವರಿಗೆ ಮಂಪರಿನ ಔಷಧಿ: ಯಾವುದು ಸುರಕ್ಷಿತ?

ನಿಮ್ಮ ತಂದೆಗೆ ಸ್ಲೀಪ್ ಅಪ್ನಿಯಾ ಇದೆ, ಅಂದರೆ ನಿದ್ದೆಯಲ್ಲಿ ಗಂಟೆಗೆ 42 ಸಲ ಉಸಿರು ಕಟ್ಟುತ್ತದೆ, ಸ್ಲೀಪ್ ಎಂಡೋಸ್ಕೋಪಿಗೆ (ಮಂಪರಿನಲ್ಲಿರುವಾಗ ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ) ಪ್ರೊಪೊಫಾಲ್ ಎಂಬ ಮಂಪರಿನ ಔಷಧಿ ಕೊಡ್ತಾರಂತೆ, ಅದರ ಬದಲು ಡೆಕ್ಸ್‌ಮೆಡಿಟೊಮಿಡಿನ್ ಕೇಳಬೇಕಾ ಅಂತ ಬರೆದಿದ್ದೀರಿ. ನಾನು ಅರಿವಳಿಕೆ ವೈದ್ಯೆ. ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ.

ಈ ಪರೀಕ್ಷೆಯಲ್ಲಿ ಗಂಟಲು ಎಲ್ಲಿ ಮುಚ್ಚಿಕೊಳ್ಳುತ್ತದೆ ಅಂತ ನೋಡಲೇಬೇಕು. ಅದಕ್ಕೇ ಮಂಪರು. ಪ್ರೊಪೊಫಾಲ್ ಬೇಗ ಹತ್ತುತ್ತದೆ, ಬೇಗ ಇಳಿಯುತ್ತದೆ. ಆದರೆ ಸ್ವಲ್ಪ ಜಾಸ್ತಿಯಾದರೂ ಉಸಿರು ನಿಲ್ಲಬಹುದು, ಗಂಟಲು ನಿಜವಾದ ನಿದ್ದೆಗಿಂತ ಹೆಚ್ಚು ಕುಸಿದಂತೆ ಕಾಣಬಹುದು. ಪ್ರೊಪೊಫಾಲ್ ಪರಿಣಾಮವನ್ನು ತಕ್ಷಣ ಇಳಿಸುವ ಮರುಮದ್ದಿಲ್ಲ. ಒಮ್ಮೆಲೇ ಚುಚ್ಚದೆ ಪಂಪಿನಲ್ಲಿ ನಿಧಾನವಾಗಿ ಬಿಟ್ಟರೆ ಎಷ್ಟೋ ವಾಸಿ.

ಡೆಕ್ಸ್‌ಮೆಡಿಟೊಮಿಡಿನ್ ಉಸಿರಾಟಕ್ಕೆ ಅಷ್ಟು ಅಡ್ಡಿ ಮಾಡುವುದಿಲ್ಲ, ಸಹಜ ನಿದ್ದೆಗೆ ಹತ್ತಿರ. ಮೊದಲ ಡೋಸನ್ನೇ ಸುಮಾರು 10 ನಿಮಿಷ ಕೊಡಬೇಕು. ಕೆಲವರಿಗೆ ಸಾಕಷ್ಟು ನಿದ್ದೆ ಬರುವುದೇ ಇಲ್ಲ. ನಾಡಿ ಮತ್ತು ಬಿಪಿ ಇಳಿಯುತ್ತವೆ. ತಂದೆ ಬೀಟಾ ಬ್ಲಾಕರ್ (ನಾಡಿ, ಬಿಪಿ ಇಳಿಸುವ ಮಾತ್ರೆ) ತಗೊಳ್ತಿದ್ದರೆ ಮರೆಯದೆ ಹೇಳಿ. ಹಾರ್ಟ್ ಬ್ಲಾಕ್ (ರಕ್ತನಾಳದ ಬ್ಲಾಕ್ ಅಲ್ಲ, ಹೃದಯದ ವಿದ್ಯುತ್ ಸಂಕೇತ ಸಾಗಲು ಅಡ್ಡಿ) ಇದ್ದರೆ ನಾನಂತೂ ಇದನ್ನು ಕೊಡುವುದಿಲ್ಲ. ಅದಿಲ್ಲದವರಿಗೆ, ತೀವ್ರ ಅಪ್ನಿಯಾ ಇದ್ದರೆ, ನನ್ನ ಒಲವು ಇದರ ಕಡೆಗೇ.

ಆದರೂ ಔಷಧಿಯ ಹೆಸರಿಗಿಂತ ದೊಡ್ಡ ಪ್ರಶ್ನೆ ಬೇರೆ. ಮಂಪರು ನೋಡಿಕೊಳ್ಳಲು ಪ್ರತ್ಯೇಕ ಅರಿವಳಿಕೆ ವೈದ್ಯರು ಇರ್ತಾರಾ? ಕ್ಯಾಪ್ನೋಗ್ರಫಿ, ಅಂದರೆ ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ವ್ಯವಸ್ಥೆ, ಇದೆಯಾ? ಆಕ್ಸಿಜನ್ ಮಟ್ಟ ತಡವಾಗಿ ಇಳಿಯುತ್ತದೆ, ಉಸಿರು ನಿಂತದ್ದು ಕ್ಯಾಪ್ನೋಗ್ರಫಿಯಲ್ಲೇ ಮೊದಲು ಗೊತ್ತಾಗುವುದು. ಇದನ್ನು ಕೇಳಲು ಸಂಕೋಚ ಬೇಡ.

ಹಿಂದಿನ ರಾತ್ರಿ ಮದ್ಯ ಬೇಡ. ನಿದ್ದೆ ಮಾತ್ರೆ ತಗೊಳ್ತಿದ್ದರೆ ಮೊದಲೇ ತಿಳಿಸಿ. ಸಿಪ್ಯಾಪ್ (ಮಾಸ್ಕಿನ ಮೂಲಕ ಗಾಳಿ ಒತ್ತಿ ಗಂಟಲು ತೆರೆದಿಡುವ ಯಂತ್ರ) ಇದ್ದರೆ ಜೊತೆಗೆ ಒಯ್ಯಿರಿ, ಎಚ್ಚರವಾಗುವ ಹೊತ್ತಿನಲ್ಲಿ ಬೇಕಾಗಬಹುದು.