ಕ್ಯಾಮ್ ಸೆಟಪ್‌ನಲ್ಲಿ ಯಂತ್ರಕ್ಕಿಂತ ಮೊದಲು ಕಂಟ್ರೋಲರ್ ಯಾವುದೆಂದು ನೋಡಿ

ನಿಮ್ಮ ಸಿಎನ್‌ಸಿ (ಕಂಪ್ಯೂಟರ್ ಆದೇಶದಂತೆ ಕತ್ತರಿಸುವ) ಯಂತ್ರ, ಟೂಲ್ ಸಾಗುವ ದಾರಿಯನ್ನು ರೂಪಿಸುವ ಕ್ಯಾಮ್ ಸಾಫ್ಟ್‌ವೇರಿನ ಪಟ್ಟಿಯಲ್ಲಿಲ್ಲದ ಕಾರಣ ಅದನ್ನು ಹೋಲುವ ಇನ್ನೊಂದನ್ನು ಆರಿಸಬಹುದೇ ಎಂದು ಕೇಳಿದ್ದೀರಿ. ನಾನು ಮಾಡಿದ್ದೂ ಅದನ್ನೇ. ನನ್ನ ಮೂರು ಅಕ್ಷಗಳ ಮಿಲ್ಲಿಂಗ್ ಯಂತ್ರಕ್ಕೆ ಮೇಜಿನ ಅಳತೆ, ಚಲನೆಯ ಮಿತಿ ಎರಡೂ ಹೊಂದುವ ಮಾದರಿಯೊಂದನ್ನು ಆರಿಸಿ, ಅದರೊಂದಿಗೆ ಬಂದ ಪೋಸ್ಟ್ ಪ್ರೊಸೆಸರನ್ನೇ (ಟೂಲ್ ಪಥವನ್ನು, ಯಂತ್ರ ನಡೆಸುವ ಕಂಟ್ರೋಲರ್ ಓದುವ ಜಿ-ಕೋಡ್ ಆದೇಶಗಳಾಗಿ ಬರೆಯುವ ಭಾಗ; ಚಿಕ್ಕದಾಗಿ ಪೋಸ್ಟ್) ಉಳಿಸಿಕೊಂಡೆ. ಸಿಮ್ಯುಲೇಷನ್ ಯಾವ ದೋಷವನ್ನೂ ತೋರಿಸಲಿಲ್ಲ. ಯಂತ್ರದಲ್ಲಿ ಓಡಿಸಿದಾಗ ಸ್ಪಿಂಡಲ್‌ನಲ್ಲಿದ್ದ (ಟೂಲನ್ನು ಹಿಡಿದು ತಿರುಗಿಸುವ ಭಾಗ) ಡ್ರಿಲ್ ರ್ಯಾಪಿಡ್ ವೇಗದಲ್ಲೇ (ಕತ್ತರಿಸದೆ ಸಾಗುವಾಗಿನ ಅತಿ ವೇಗ) ಜಾಬ್‌ಗೆ, ಅಂದರೆ ಕೊರೆಯಬೇಕಿದ್ದ ತುಂಡಿಗೆ, ಬಡಿದು ಮುರಿಯಿತು. ಸ್ಪಿಂಡಲ್ ಬೇರಿಂಗ್‌ಗಳನ್ನೂ ಬದಲಾಯಿಸಬೇಕಾಯಿತು.

ಕಾರಣವನ್ನು ಬಿಡಿಸಿ ಹೇಳುತ್ತೇನೆ. ಆ ಪೋಸ್ಟ್, ಟೂಲ್‌ಗಳನ್ನು ಕೈಯಿಂದಲೇ ಬದಲಾಯಿಸುವ ಯಂತ್ರಕ್ಕಾಗಿ ಬರೆದದ್ದು. ಅಂಥ ಯಂತ್ರದಲ್ಲಿ ಪ್ರತಿ ಟೂಲ್ ಹಾಕಿದಾಗಲೂ ಅದರ ತುದಿಯನ್ನು ಜಾಬ್‌ನ ಮೇಲ್ಮೈಗೆ ಮುಟ್ಟಿಸಿ ಸೊನ್ನೆ ಹಿಡಿಯುವುದರಿಂದ, ಟೂಲಿನ ಉದ್ದವನ್ನು ಲೆಕ್ಕಕ್ಕೆ ತರುವ ಜಿ43 ಆದೇಶ ಬೇಕಾಗುವುದಿಲ್ಲ; ಪೋಸ್ಟ್ ಅದನ್ನು ಬರೆಯಲೂ ಇಲ್ಲ. ನಾನಾದರೋ ಜಿ54ರ (ಜಾಬ್‌ನ ಅಳತೆ ಶುರುವಾಗುವ ಬಿಂದು) ಝಡ್ ಸೊನ್ನೆಯನ್ನು, ಅಂದರೆ ಎತ್ತರದ ಸೊನ್ನೆಯನ್ನು, ಸ್ಪಿಂಡಲ್‌ನ ಮೂತಿಯಿಂದ ಹಿಡಿದು, ಟೂಲ್‌ಗಳ ಉದ್ದವನ್ನು ಆಫ್‌ಸೆಟ್ ಪಟ್ಟಿಯಲ್ಲಿ ಬೇರೆಯಾಗಿ ತುಂಬಿಸಿದ್ದೆ. ಹೀಗಾಗಿ ಜಾಬ್‌ನಿಂದ 15 ಮಿ.ಮೀ. ಮೇಲೆ ನಿಲ್ಲಬೇಕೆಂಬ ಆದೇಶವನ್ನು ಕಂಟ್ರೋಲರ್ ಡ್ರಿಲ್‌ನ ತುದಿಗಲ್ಲ, ಸ್ಪಿಂಡಲ್‌ನ ಮೂತಿಗೆ ಅನ್ವಯಿಸಿತು. ಡ್ರಿಲ್ 120 ಮಿ.ಮೀ. ಹೊರಚಾಚಿದ್ದರೆ ಅದರ ತುದಿ ಮೇಲ್ಮೈಯಿಂದ 105 ಮಿ.ಮೀ. ಕೆಳಗಿರಬೇಕೆಂದೇ ಇದರ ಅರ್ಥ. ಸಿಮ್ಯುಲೇಷನ್ ಪರೀಕ್ಷಿಸಿದ್ದು ಸಾಫ್ಟ್‌ವೇರಿನೊಳಗಿನ ಟೂಲ್ ಪಥವನ್ನು. ಪೋಸ್ಟ್ ಬರೆದ ಜಿ-ಕೋಡನ್ನು ಅದು ಓದಿಯೇ ಇರಲಿಲ್ಲ. ನಾನೂ ಓದಿರಲಿಲ್ಲ.

ಆದ್ದರಿಂದ ಯಾವ ಯಂತ್ರ ಹೋಲುತ್ತದೆ ಎಂಬ ಪ್ರಶ್ನೆಯನ್ನೇ ಬಿಟ್ಟುಬಿಡಿ. ನಾಲ್ಕೈದು ಅಕ್ಷಗಳಿದ್ದರೆ ಮೇಜು ತಿರುಗುತ್ತದೆಯೋ ತಲೆ ತಿರುಗುತ್ತದೆಯೋ ಎಂಬುದನ್ನು ಮಾದರಿಯೇ ಹೇಳಬೇಕು, ನಿಜ. ಮೂರು ಅಕ್ಷಗಳ ಕೆಲಸದಲ್ಲಾದರೋ ನಿಮ್ಮ ಕಂಟ್ರೋಲರ್‌ಗೆ, ನೀವು ಟೂಲ್ ಉದ್ದ ಹಿಡಿಯುವ ಕ್ರಮಕ್ಕೆ ಒಪ್ಪುವ ಪೋಸ್ಟೇ ಮುಖ್ಯ. ಒಂದೇ ಸಾಲು ಎಲ್ಲೆಡೆ ಒಂದೇ ಕೆಲಸ ಮಾಡುವುದಿಲ್ಲ: ಜಿ04 ಪಿ1000 ಎಂದರೆ ಫಾನುಕ್ ಕಂಟ್ರೋಲರ್‌ನಲ್ಲಿ ಸಾಮಾನ್ಯವಾಗಿ 1 ಸೆಕೆಂಡಿನ ವಿರಾಮ, ಸಣ್ಣ ಹವ್ಯಾಸಿ ಯಂತ್ರಗಳ ಜಿಆರ್‌ಬಿಎಲ್‌ನಲ್ಲಿ 1000 ಸೆಕೆಂಡಿನದು, ಡ್ರಿಲ್ಲಿಂಗ್‌ನ ಜಿ81 ಜಿಆರ್‌ಬಿಎಲ್‌ಗೆ ತಿಳಿಯುವುದೇ ಇಲ್ಲ.

ಪೋಸ್ಟ್ ಮಾಡಿದ ಕಡತವನ್ನು ತೆರೆದು ಜಿ21 (ಮಿ.ಮೀ. ಅಳತೆಯ ಆದೇಶ), ಜಿ54 ಇವೆಯೇ, ಟೂಲ್ ಉದ್ದಗಳನ್ನು ನನ್ನಂತೆ ಆಫ್‌ಸೆಟ್ ಪಟ್ಟಿಯಲ್ಲಿ ತುಂಬಿಸಿದ್ದರೆ ಪ್ರತಿ ಟೂಲಿನ ನಂತರ ಅದೇ ಸಂಖ್ಯೆಯ ಎಚ್‌ನೊಂದಿಗೆ (ಆ ಪಟ್ಟಿಯ ಸಾಲಿನ ಸಂಖ್ಯೆ) ಜಿ43 ಇದೆಯೇ ಎಂದು ನೋಡಿ. ಬಳಿಕ ಸಿಂಗಲ್ ಬ್ಲಾಕ್ (ಒಮ್ಮೆಗೆ ಒಂದೇ ಸಾಲು ಓಡಿಸುವ ಕ್ರಮ) ಹಾಕಿ, ರ್ಯಾಪಿಡ್ ವೇಗವನ್ನು ಅತಿ ಕಡಿಮೆ ಮಾಡಿ, ಟೂಲ್ ಮೊದಲ ಬಾರಿ ಇಳಿಯುವಾಗ ಅರ್ಧದಲ್ಲಿ ನಿಲ್ಲಿಸಿ, ಇನ್ನು ಸಾಗಬೇಕಾದ ದೂರವೆಂದು ಪರದೆ ತೋರಿಸುವ ಅಂಕಿ ತುದಿಗೂ ಜಾಬ್‌ಗೂ ನಡುವಿನ ಅಂತರಕ್ಕಿಂತ ಹೆಚ್ಚಿದ್ದರೆ ಅಲ್ಲಿಂದ ಮುಂದೆ ಓಡಿಸಬೇಡಿ.