ಒಂದನೇ ಕ್ಲಾಸಿಗೆ ದಿನಕ್ಕೊಂದು ಅಕ್ಷರ, ಶನಿವಾರ ಟೆಸ್ಟು: ಈ ವಾರದ ಪ್ಲಾನ್ ಸರಿ ಇದ್ಯಾ?

ಅಯ್ಯೋ ಮೇಡಂ, ಇದೇ ಪ್ಲಾನು, ಶನಿವಾರದ ಟೆಸ್ಟೂ ಸೇರಿ, ನಾನೂ ಹಾಕಿದ್ದೆ. 2011ರಲ್ಲಿ, ತುಮಕೂರು ಜಿಲ್ಲೆಯ ಒಂದು ಹಳ್ಳಿ ಸ್ಕೂಲಿಗೆ ಹೊಸದಾಗಿ ಹೋದಾಗ.

ನಲಿಕಲಿ ಕ್ಲಾಸು, ಅಂದ್ರೆ ಸರ್ಕಾರಿ ಸ್ಕೂಲಲ್ಲಿ ಕಾರ್ಡು, ಆಟದ ಮೂಲಕ ಮಕ್ಕಳು ಅವರವರ ವೇಗದಲ್ಲಿ ಕಲಿಯೋ ಪದ್ಧತಿ. ಒಂದು ಎರಡು ಮೂರನೇ ಕ್ಲಾಸು ಎಲ್ಲಾ ಒಂದೇ ರೂಮಲ್ಲಿ, ಒಟ್ಟು ಇಪ್ಪತ್ತೆರಡು ಮಕ್ಕಳು, ಅದರಲ್ಲಿ ಒಂದನೇ ಕ್ಲಾಸು ಏಳೇ ಜನ. ನಿಮಗೂ ಗೊತ್ತಿರುತ್ತೆ, ನಲಿಕಲೀಲಿ ಅ ಆ ಇ ಈ ಇಂದ ಶುರು ಮಾಡಲ್ಲ, ರ ಗ ಸ ದ ಅ ಇಂದ ಮಾಡ್ತೀವಿ, ಯಾಕಂದ್ರೆ ಈ ಐದರಲ್ಲೇ ಸರ, ರಸ, ಅರಸ, ಅಗಸ, ಗರಗಸ ಅಂತ ಪದ ಓದಿಸಬಹುದು, ಕೊಂಬು ಬೇಡ ಒತ್ತಕ್ಷರ ಬೇಡ. ನನಗೆ ಕಂಡಿದ್ದು ಇಷ್ಟೇ: ಐದು ಅಕ್ಷರ, ಐದು ದಿನ! ಸೋಮವಾರ ರ, ಶುಕ್ರವಾರ ಅ, ಶನಿವಾರ ಬೆಳಗಿನ ಸ್ಕೂಲಲ್ಲಿ ಟೆಸ್ಟು. ಏಳೂ ಜನ ಟಣಟಣ ಅಂತ ಹೇಳಿದ್ರು. ಪ್ರಗತಿ ನೋಟದಲ್ಲಿ, ಅಂದ್ರೆ ಯಾರು ಎಲ್ಲೀವರೆಗೆ ಕಲಿತ್ರು ಅಂತ ಗುರುತು ಹಾಕೋ ಪಟ್ಟೀಲಿ, ಟಿಕ್ ಹಾಕ್ದೆ, ಮುಂದಿನ ವಾರ ಜ ವ ಮ ಬ ನ.

ಈಗ ತಪ್ಪು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ನಾನು ಬೋರ್ಡ್ ಮೇಲೆ ಐದೂ ಅಕ್ಷರ ಒಂದೇ ಸಾಲಲ್ಲಿ ಬರೆದಿದ್ದೆ, ವಾರ ಪೂರ್ತಿ ಅಳಿಸಿರಲಿಲ್ಲ, ಕೋಲಿಟ್ಟು ತೋರಿಸಿದ್ದೂ ಅದೇ ಸಾಲಲ್ಲಿ, ಟೆಸ್ಟಲ್ಲಿ ಕೇಳಿದ್ದೂ ಅದೇ ಸಾಲಲ್ಲಿ. ಮಕ್ಕಳು ಅದನ್ನ ಹಾಡು ಥರ ಕಲಿತುಬಿಟ್ಟಿದ್ರು. ದೀಪಾವಳಿ ಕಳೆದ ಮೇಲೆ ಒಂದಿನ ಒಬ್ಬ ಹುಡುಗನಿಗೆ ಸ ಕಾರ್ಡ್ ಒಂದನ್ನೇ ತೋರಿಸಿದೆ. ಅವನು ಕಾರ್ಡ್ ನೋಡ್ದ, ತಲೆ ಎತ್ತಿ ಬೋರ್ಡ್ ಕಡೆ ನೋಡ್ದ, ಅಲ್ಲಿ ಏನೂ ಇರ್ಲಿಲ್ಲ, ಸುಮ್ಮನೆ ನಿಂತ. ನಾನು ಸಾಲು ಬರೆದೆ. ಆಗ ಮೊದಲಿಂದ ಬೆರಳಿಟ್ಕೊಂಡು ರ, ಗ, ಸ ಅಂತ ಬಂದು ಮೂರನೇದಕ್ಕೆ ನಿಂತು "ಸ ಮಿಸ್" ಅಂದ. ದಡ್ಡ ಅಲ್ಲ ಅವನು. ನಾನು ಕೇಳಿದ್ದು ಜಾಗ, ಅವನು ಕಲಿತಿದ್ದೂ ಜಾಗ. ಅಕ್ಷರ ನಾನು ಕೇಳಿರಲೇ ಇಲ್ಲ.

ಏಳರಲ್ಲಿ ನಾಲ್ಕು ಜನ ಹಿಂಗೇ. ಅದರ ಮೇಲೆ ನಮ್ಮೂರ ಪಕ್ಕ ಸೋಮವಾರ ಸಂತೆ, ಮಕ್ಕಳು ಅಮ್ಮನ ಜೊತೆ ಹೋಗಿಬಿಡೋರು, ಅಂದ್ರೆ ನನ್ನ ರ ದಿನಾನೇ ಅರ್ಧ ಕ್ಲಾಸು ಖಾಲಿ. ರ ಇಲ್ಲದೆ ಮೇಲಿನ ಪದಗಳಲ್ಲಿ ಉಳಿಯೋದು ಅಗಸ ಒಂದೇ, ಎಣಿಸಿ ನೋಡಿ. 1995ರಲ್ಲಿ ಎಚ್.ಡಿ. ಕೋಟೆ ಕಡೆ ನಲಿಕಲಿ ಶುರುವಾದಾಗಿಂದ ಕಲಿಕಾ ಏಣಿ, ಅಂದ್ರೆ ಕಲಿಯೋ ಮೆಟ್ಟಿಲುಗಳ ಪಟ್ಟಿ, ಇರೋದೇ ತಪ್ಪಿಸಿಕೊಂಡ ಮಗು ವಾಪಸ್ ಬಂದು ತಾನು ಬಿಟ್ಟ ಮೆಟ್ಟಿಲಿಂದಾನೇ ಹತ್ತಲಿ ಅಂತ. ನಾನು ಆ ಏಣಿ ಮೇಲೆ ಎಲ್ಲರನ್ನೂ ಒಟ್ಟಿಗೆ ಹತ್ತಿಸ್ತಿದ್ದೆ, ಪಾಠ ಯೋಜನೆ ಬುಕ್ಕು ಚೆನ್ನಾಗಿ ಕಾಣ್ಲಿ ಅಂತ.

ನಾಲ್ಕೂ ಜನರನ್ನ ಸ್ವಕಲಿಕೆ ಗುಂಪಿಂದ, ಅಂದ್ರೆ ತಾವೇ ಕಲಿಯೋ ಮಕ್ಕಳ ಗುಂಪಿಂದ, ಎಬ್ಬಿಸಿ ಮತ್ತೆ ನನ್ನ ಪಕ್ಕದ ಗುಂಪಿಗೆ ಕೂರಿಸಿದೆ. ಆ ಹುಡುಗನಿಗೆ ಅವಮಾನ ಆಯ್ತು, ಎಂಟು ದಿನ ಸ್ಕೂಲಿಗೇ ಬರ್ಲಿಲ್ಲ. ಮನೆಗೆ ಹೋದೆ, ಅವರಪ್ಪ ಬಡಗಿ, ಅಂಗಳದಲ್ಲಿ ಹಲಗೆ ಕೊಯ್ತಿದ್ರು. ಒಂದು ಚೂರು ಹಲಗೆ ಮೇಲೆ ಇದ್ದಿಲಲ್ಲಿ ಗರಗಸ ಅಂತ ಬರೆದು ಕೊಟ್ಟೆ. ಎರಡು ಗ ಎರಡು ಕಡೆ ಇವೆ, ಅಲ್ವಾ, ಸಾಲು ಹಾಡಿದ್ರೆ ಬರಲ್ಲ. ಒಂದು ಗ ಮೇಲೆ ಬೆರಳಿಟ್ಟ, ಇನ್ನೊಂದನ್ನ ಹುಡುಕಿದ. ಓದೋಕೆ ಇನ್ನೂ ಎರಡು ವಾರ ಹಿಡೀತು ಬಿಡಿ.

ಹಂಗಾಗಿ ನಿಮ್ಮ ಪ್ಲಾನ್ ಸರಿ ಅಂತ ನಾನು ಹೇಳಲ್ಲ. ದಿನಕ್ಕೆರಡಾ ಒಂದಾ ಅನ್ನೋದಲ್ಲ, ದಿನಕ್ಕಿಷ್ಟು ಅನ್ನೋದೇ ಬೇಡ. ಜನ ಏನೇ ಹೇಳ್ಲಿ, ಸೋಮವಾರ ಹೊಸದು ಶುರು ಮಾಡ್ಬೇಡಿ, ಹೋದ ವಾರ ತಪ್ಪಿಸಿಕೊಂಡವರ ಜೊತೆ ಕೂತ್ಕೊಳ್ಳಿ. ಬೋರ್ಡ್ ದಿನಾ ಸಂಜೆ ಅಳಿಸಿ. ಕಾರ್ಡ್ ಕಲಸಿ ಕೇಳಿ, ಒಬ್ಬೊಬ್ಬರನ್ನೇ, ಕೋರಸ್ ಬೇಡವೇ ಬೇಡ. ಶನಿವಾರ ಟೆಸ್ಟ್ ಬದಲು ಮಕ್ಕಳು ಬರೆದಿದ್ದನ್ನ ಕ್ಲಾಸಲ್ಲಿ ತಲೆ ಮೇಲೆ ದಾರ ಕಟ್ಟಿರೋ ಚಪ್ಪರಕ್ಕೆ ನೇತು ಹಾಕಿಸಿ, ಯಾರು ಯಾವುದು ತಮ್ಮದು ಅಂತ ಹುಡುಕ್ತಾರೆ ನೋಡ್ತಾ ಇರಿ, ನಿಮಗೆ ಬೇಕಾದ ಮಾರ್ಕ್ಸ್ ಅಲ್ಲೇ ಸಿಗುತ್ತೆ. ಪಾಠ ಯೋಜನೆ ಬುಕ್ಕಲ್ಲಿ ಅಕ್ಷರದ ಬದಲು ಮಕ್ಕಳ ಹೆಸರು ಬರೀರಿ, ಯಾರ ಜೊತೆ ಯಾವ ದಿನ ಕೂರ್ತೀರಿ ಅಂತ. ಅಧಿಕಾರಿಗಳು ಬಂದಾಗ ಯಾಕೆ ಹಿಂಗೆ ಅಂತ ಕೇಳಿದ್ರು ನನ್ನನ್ನ, ಒಂದು ಮಗುವನ್ನ ಕರೆದು ಕಾರ್ಡ್ ಕಲಸಿ ಅವರ ಕೈಗೇ ಕೊಟ್ಟೆ.