ಫಿಜಿ ಕಡಲಲ್ಲಿ ಗಾಳ ಹಾಕುವ ಮುನ್ನ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಫಿಜಿಗೆ ಹೋಗಿ ಚಾರ್ಟರ್ ಬೋಟಿನಲ್ಲಿ, ಅಂದರೆ ಬಾಡಿಗೆ ಬೋಟಿನಲ್ಲಿ, ದೊಡ್ಡ ಮೀನು ಹಿಡಿಯುವ ಬಗ್ಗೆ ಈ ಸಲ ಐದು ಪ್ರಶ್ನೆಗಳು ಬಂದಿವೆ. ಉತ್ತರಿಸಿದವರು ಮಲ್ಪೆಯಲ್ಲಿ ಹುಟ್ಟಿ ಬೆಳೆದವರು. ಫಿಜಿಯ ದೊಡ್ಡ ದ್ವೀಪ ವಿತಿ ಲೇವುವಿನ ಪಶ್ಚಿಮ ತೀರದಲ್ಲಿ ಹಲವು ವರ್ಷ ಚಾರ್ಟರ್ ಬೋಟುಗಳಲ್ಲಿ ದುಡಿದವರು.

ಪ್ರಶ್ನೆ: ನಾವು ಮೂವರು ಗೆಳೆಯರು ಜುಲೈನಲ್ಲಿ ಫಿಜಿಗೆ ಹೋಗುತ್ತಿದ್ದೇವೆ ಸರ್. ಮಾರ್ಲಿನ್ (ಉದ್ದ ಕೊಕ್ಕಿನ ದೊಡ್ಡ ಮೀನು) ಹಿಡಿಯಬೇಕು ಅಂತ ತುಂಬಾ ದಿನದ ಆಸೆ. ಅರ್ಧ ದಿನದ ಚಾರ್ಟರ್ ಸಾಕಾ? ಬುಕ್ ಮಾಡುವಾಗ ಏನು ಕೇಳಬೇಕು? (ಓದುಗರು, ಬೆಂಗಳೂರು)

ಉತ್ತರ: ಸಾಲದು. ಅರ್ಧ ದಿನ ಅಂದರೆ ಸುಮಾರು 4 ಗಂಟೆ. ಮಾರ್ಲಿನ್ ಇರುವುದು ಹವಳದ ದಿಬ್ಬದ ಹೊರಗೆ, ನೀರು ಕಡುನೀಲಿಯಾಗುವ ಆಳದಲ್ಲಿ. ಡೆನರಾವು ಬಂದರಿನಿಂದ ಹೊರಟು ಮಾಮನೂಕ ದ್ವೀಪಗಳನ್ನು ದಾಟಿ ಅಲ್ಲಿಗೆ ಹೋಗಿ ಬರುವುದರಲ್ಲೇ ಆ ಹೊತ್ತಿನ ದೊಡ್ಡ ಪಾಲು ಮುಗಿಯುತ್ತದೆ. ಪೂರ್ತಿ ದಿನ, ಅಂದರೆ 8 ಗಂಟೆ, ತಗೊಳ್ಳಿ.

ಇನ್ನೊಂದು ವಿಷಯ. ಮಾರ್ಲಿನ್ ಅಲ್ಲಿ ವರ್ಷವಿಡೀ ಇರುತ್ತದೆ. ಆದರೆ ನೀರು ಬೆಚ್ಚಗಿರುವ ತಿಂಗಳಲ್ಲಿ ಸಿಗುವ ಅವಕಾಶ ಜಾಸ್ತಿ. ಆ ತಿಂಗಳುಗಳೇ ಚಂಡಮಾರುತದ ತಿಂಗಳುಗಳೂ ಹೌದು, ನವೆಂಬರ್‌ನಿಂದ ಏಪ್ರಿಲ್‌ವರೆಗೆ. 2016ರ ಫೆಬ್ರವರಿಯಲ್ಲಿ ವಿನ್‌ಸ್ಟನ್ ಚಂಡಮಾರುತ ಊರಿಗೆ ಊರನ್ನೇ ಕೆಡವಿ ಹಾಕಿದ್ದನ್ನು ಅಲ್ಲಿನವರು ಇನ್ನೂ ಮರೆತಿಲ್ಲ. ಹಾಗಾಗಿ ನೀವು ಜುಲೈಗೆ ಹೋಗುವುದು ತಪ್ಪೇನಲ್ಲ. ಆಗ ಆಗ್ನೇಯ ದಿಕ್ಕಿನ ಗಾಳಿ ಬಿಡದೆ ಬೀಸುತ್ತದೆ, ಆದರೆ ದ್ವೀಪದ ಬೆಟ್ಟಗಳು ಅಡ್ಡ ಇರುವುದರಿಂದ ಪಶ್ಚಿಮ ಕಡೆಯ ನೀರು ಬೇರೆ ಕಡೆಗಿಂತ ಶಾಂತ. ವಾಹೂ ಸಿಗುತ್ತದೆ, ಹಳದಿ ರೆಕ್ಕೆಯ ಟ್ಯೂನಾ ಸಿಗುತ್ತದೆ, ವಾಲು ಸಿಗುತ್ತದೆ. ವಾಲು ಅಂದರೆ ಯಾವುದು ಗೊತ್ತಾ? ನಮ್ಮ ಅಂಜಲ್! ಕಾರವಾರದ ಕಡೆ ಇಸ್ವಾಣ ಅನ್ನುತ್ತಾರಲ್ಲ, ಅದೇ ಜಾತಿ. ಮೊದಲ ದಿನ ಆ ಪಟ್ಟೆ ಪಟ್ಟೆ ಮೈ ನೋಡಿ ನನಗೆ ಮನೆಗೇ ಬಂದ ಹಾಗಾಯಿತು.

ಬುಕ್ ಮಾಡುವಾಗ ಮೊದಲು ಕೇಳಬೇಕಾದದ್ದು ಬಾಡಿಗೆ ಇಡೀ ಬೋಟಿಗೋ, ತಲೆಗೆ ಇಷ್ಟು ಅಂತಲೋ ಎಂದು. ಅಪರಿಚಿತರ ಜೊತೆ ಹಂಚಿಕೊಂಡರೆ ಸರದಿ ಬರುತ್ತದೆ. ನಿಮ್ಮ ಸರದಿಯಲ್ಲಿ ಮೀನು ಕಚ್ಚದಿದ್ದರೆ ದಿನವಿಡೀ ಸುಮ್ನೆ ಕೂತು ಬರಬೇಕು. ಮೂವರಿದ್ದೀರಿ, ಇಡೀ ಬೋಟು ತಗೊಳ್ಳಿ. ಡೀಸೆಲ್, ಊಟ, ಕಳೆದುಹೋದ ಗಾಳದ ಖರ್ಚು ಯಾರ ತಲೆಗೆ ಅನ್ನುವುದನ್ನೂ, ಹವಾಮಾನ ಕೆಟ್ಟು ರದ್ದಾದರೆ ದುಡ್ಡು ವಾಪಸ್ ಬರುತ್ತಾ ಅನ್ನುವುದನ್ನೂ ಬರಹದಲ್ಲಿ ತರಿಸಿಕೊಳ್ಳಿ. ಮತ್ತೆ ಬೋಟಿನ ಸುರಕ್ಷತಾ ಪತ್ರ. ಎಷ್ಟು ಜನ ಹತ್ತಬಹುದು ಅಂತ ಅದರಲ್ಲಿ ಬರೆದಿರುತ್ತದೆ. ಒಮ್ಮೆ 6 ಜನರ ಬೋಟಿಗೆ 9 ಜನರನ್ನು ಹತ್ತಿಸಿದ್ದು ನೋಡಿ ನಾನು ಇಳಿದುಬಿಟ್ಟೆ. ಆ ದಿನದ ಕೂಲಿ ಹೋಯಿತು. ನೀವೂ ಹಾಗೇ ಇಳಿಯಿರಿ, ದುಡ್ಡು ಹೋದರೆ ಹೋಗಲಿ.

ಕರಾವಳಿಯವರಿಗೆ ಒಂದು ಮಾತು. ಅಲ್ಲಿ ಟ್ರೋಲಿಂಗ್ ಅಂದರೆ ನಮ್ಮ ಬಲೆ ಎಳೆಯುವ ಟ್ರಾಲಿಂಗ್ ಅಲ್ಲ. 6ರಿಂದ 9 ನಾಟ್ (ಗಂಟೆಗೆ ಸುಮಾರು 11ರಿಂದ 17 ಕಿ.ಮೀ.) ವೇಗದಲ್ಲಿ ಬೋಟು ಓಡಿಸುತ್ತಾ ಹಿಂದೆ ನಾಲ್ಕೈದು ಹುಸಿ ಎರೆಗಳನ್ನು ನೊರೆಯಲ್ಲಿ ಎಳೆಯುವುದು. ಎಷ್ಟೋ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಒಂದು ರೀಲು ಕರ್‌ರ್‌ರ್ ಎಂದು ಕೂಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ನೂರಾರು ಮೀಟರ್ ತಂಗೂಸು (ಗಾಳದ ದಾರ) ಹೊರಗೆ ಹೋಗಿರುತ್ತದೆ. ಆಗ ಮೂವರೂ ರಾಡಿಗೆ, ಅಂದರೆ ಗಾಳದ ಕೋಲಿಗೆ, ಕೈ ಹಾಕಬೇಡಿ. 1939ರಲ್ಲಿ ಹುಟ್ಟಿದ ಗಾಳ ಹಾಕುವವರ ಅಂತರರಾಷ್ಟ್ರೀಯ ಸಂಘ ಐಜಿಎಫ್‌ಎಯ ನಿಯಮದ ಪ್ರಕಾರ ಕೊನೆಯವರೆಗೂ ಒಬ್ಬರೇ ಹಿಡಿದಿರಬೇಕು, ಬೇರೆಯವರು ರಾಡ್ ಮುಟ್ಟಿದರೆ ದಾಖಲೆಗೆ ಸೇರುವುದಿಲ್ಲ. ದಾಖಲೆ ಬೇಡವಾದರೂ ಇದು ಒಳ್ಳೆಯ ಪದ್ಧತಿ. ಗಡಿಬಿಡಿಯಲ್ಲಿ ತಂಗೂಸು ಬೆರಳಿಗೆ ಸುತ್ತಿಕೊಂಡರೆ ಗಾಯ ಸಣ್ಣದಾಗಿರುವುದಿಲ್ಲ.

ಪ್ರಶ್ನೆ: ಹೋದ ವರ್ಷ ಚಾರ್ಟರ್‌ನಲ್ಲಿ ನಾನೇ ಹಿಡಿದ ಟ್ಯೂನಾ, ಮಾಹಿಮಾಹಿ ಎಲ್ಲ ಬೋಟಿನವರೇ ಇಟ್ಟುಕೊಂಡರು, ನನಗೆ ಎರಡು ತುಂಡು ಕೊಟ್ಟರು. ಒಂದು ದೊಡ್ಡ ಬರಾಕುಡಾ ಸಿಕ್ಕಿತ್ತು, ಅದನ್ನಾದರೂ ಕೊಡಿ ಅಂದರೆ ಕೊಡದೆ ನೀರಿಗೇ ಬಿಟ್ಟರು. ಬಾಡಿಗೆ ಕೊಟ್ಟವನು ನಾನು. ಇದು ಮೋಸ ಅಲ್ವಾ ಅಣ್ಣಾ? (ಓದುಗರು, ಮಂಗಳೂರು)

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ ತಮ್ಮಾ. ಮೊದಲ ವಿಷಯದಲ್ಲಿ ಅರ್ಧ ತಪ್ಪು ಅವರದು, ಯಾಕೆಂದರೆ ಹತ್ತುವ ಮೊದಲೇ ಹೇಳಬೇಕಿತ್ತು. ಪೆಸಿಫಿಕ್‌ನ ಎಷ್ಟೋ ಕಡೆ ಹಿಡಿದ ಮೀನು ಬೋಟಿನವರದ್ದು ಅನ್ನುವುದೇ ವಾಡಿಕೆ. ಹವಾಯಿಯ ಕೋನಾದಲ್ಲೂ ಹಾಗೇ ನಡೆದು ಬಂದಿದೆ. ಮೀನು ಮಾರಿದ ದುಡ್ಡು ಹುಡುಗರ ಸಂಬಳಕ್ಕೆ ಸೇರುತ್ತದೆ. ಇದನ್ನು ಬುಕ್ ಮಾಡುವಾಗಲೇ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಬರಾಕುಡಾ ವಿಷಯ ಬೇರೆ. ಅದನ್ನು ಕೊಡದೆ ಅವರು ನಿಮಗೆ ಉಪಕಾರ ಮಾಡಿದರು.

ಸಿಗುವಾಟೆರಾ ಅಂತ ಒಂದು ವಿಷ ಇದೆ. ಹವಳದ ದಿಬ್ಬದ ಮೇಲೆ ಬೆಳೆಯುವ ಪಾಚಿಗೆ ಅಂಟಿಕೊಂಡು ಕಣ್ಣಿಗೆ ಕಾಣದ ಒಂದು ಜೀವಿ ಇರುತ್ತದೆ, ವಿಷದ ಮೂಲ ಅದು. ಪಾಚಿ ಮೇಯುವ ಸಣ್ಣ ಮೀನಿಗೆ ಸ್ವಲ್ಪ ಸೇರುತ್ತದೆ. ಅದನ್ನು ತಿಂದ ಮೀನಿಗೆ ಇನ್ನಷ್ಟು. ವರ್ಷಗಟ್ಟಲೆ ಇವನ್ನೆಲ್ಲ ತಿಂದು ದಪ್ಪವಾದ ಬರಾಕುಡಾ, ಮೊರೇ ಹಾವುಮೀನು, ದೊಡ್ಡ ಗ್ರೂಪರ್, ಕೆಂಪು ಸ್ನ್ಯಾಪರ್ ಮೈಯಲ್ಲಿ ಅದು ಗಟ್ಟಿಯಾಗಿ ನಿಂತಿರುತ್ತದೆ. ಮೀನಿಗೆ ಏನೂ ಆಗಿರುವುದಿಲ್ಲ. ವಾಸನೆ ಇಲ್ಲ, ರುಚಿ ಕೆಡುವುದಿಲ್ಲ. ಕುದಿಸಿದರೂ ಹೋಗದು, ಫ್ರೀಜರ್‌ನಲ್ಲಿಟ್ಟರೂ ಹೋಗದು. ಹುಳಿ, ಮೆಣಸು ಯಾವುದಕ್ಕೂ ಬಗ್ಗದು. ನೊಣ ಕೂತರೆ ಒಳ್ಳೆಯ ಮೀನು, ಬೆಳ್ಳಿ ನಾಣ್ಯ ಕಪ್ಪಾದರೆ ಕೆಟ್ಟದ್ದು ಎಂಬ ಮಾತು ದ್ವೀಪಗಳಲ್ಲಿ ಕೇಳಿಬರುತ್ತದೆ. ನಂಬಬೇಡಿ.

ತಿಂದ ಕೆಲವು ಗಂಟೆಗಳಲ್ಲಿ ವಾಂತಿ, ಭೇದಿ. ಆಮೇಲೆ ತುಟಿ, ಬೆರಳ ತುದಿ ಜುಮುಜುಮು. ವಿಚಿತ್ರ ಅಂದರೆ ತಣ್ಣನೆ ನೀರು ಮುಟ್ಟಿದರೆ ಸುಟ್ಟ ಹಾಗಾಗುತ್ತದೆ. ನಮ್ಮ ಜೊತೆಗಿದ್ದ ಒಬ್ಬ ಹುಡುಗ ಐಸ್ ಪೆಟ್ಟಿಗೆಗೆ ಕೈ ಹಾಕಿ ಚೀರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿಂದಿನ ರಾತ್ರಿ ಮನೆಯಲ್ಲಿ ದೊಡ್ಡ ಸ್ನ್ಯಾಪರ್ ತಿಂದಿದ್ದ. ಅವನು ಸರಿಯಾಗಲು ವಾರಗಳೇ ಹಿಡಿದವು. ಇದಕ್ಕೆ ಇಂಥದ್ದೇ ಮದ್ದು ಅಂತಿಲ್ಲ, ಆಸ್ಪತ್ರೆಯಲ್ಲಿ ಲಕ್ಷಣ ನೋಡಿ ಉಪಚಾರ ಮಾಡುತ್ತಾರೆ.

ಇದು ದೂರದ ದ್ವೀಪದ ಕಥೆ ಅಂದುಕೊಳ್ಳಬೇಡಿ. 2016ರಲ್ಲಿ ನಿಮ್ಮ ಮಂಗಳೂರಿನಲ್ಲೇ ಕೆಂಪು ಸ್ನ್ಯಾಪರ್ ಮೀನಿನ ತಲೆ ತಿಂದು ತುಂಬಾ ಜನ ಆಸ್ಪತ್ರೆ ಸೇರಿದ್ದರು. ಪರೀಕ್ಷೆ ಮಾಡಿದಾಗ ಕಂಡದ್ದು ಇದೇ ವಿಷ.

ಹಾಗಾದರೆ ಏನು ತಿನ್ನಬಹುದು? ಆಳದ ನೀರಿನ ಟ್ಯೂನಾ, ಮಾಹಿಮಾಹಿ, ವಾಹೂಗಳಲ್ಲಿ ಈ ಭಯ ತೀರಾ ಕಡಿಮೆ. ಆದರೆ ಅವನ್ನು ಹಿಡಿದ ತಕ್ಷಣ ಐಸಿಗೆ ಹಾಕಬೇಕು. ಬಿಸಿಲಲ್ಲಿ ಬಿಟ್ಟ ಟ್ಯೂನಾದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಹುಟ್ಟಿ ತಿಂದವರ ಮುಖ ಕೆಂಪಾಗಿ ತಲೆ ಸಿಡಿಯುತ್ತದೆ. ಅದೂ ಬೇಯಿಸಿದರೆ ಹೋಗುವುದಿಲ್ಲ. ಹತ್ತುವಾಗಲೇ ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿ. ಅರ್ಧ ಖಾಲಿ ಇದ್ದರೆ ತುಂಬಿಸಿ ಅನ್ನಿ. ಎರಡು ತುಂಡು ಸಿಕ್ಕಿತು ಅಂದಿರಲ್ಲ, ಸಾಕು ಅದು. ನಿಂಬೆರಸದಲ್ಲಿ ನೆನೆಸಿ ತೆಂಗಿನಹಾಲು ಸೇರಿಸಿ ಅಲ್ಲಿನವರು ಕೊಕೊಂಡ ಮಾಡುತ್ತಾರೆ. ಮುಂದಿನ ಸಲ ಹೋದಾಗ ಅವರ ಕೈಲೇ ಮಾಡಿಸಿ ತಿನ್ನಿ.

ಪ್ರಶ್ನೆ: ನಾವು ಸಿಡ್ನಿಯಲ್ಲಿದ್ದೇವೆ. ಫಿಜಿಯ ‘ಕಂಡವು’ ಎಂಬ ದ್ವೀಪದ ಒಂದು ಹಳ್ಳಿ ಮನೆಯಲ್ಲಿ ಉಳಿಯುತ್ತೇವೆ. ನಮ್ಮದೇ ರಾಡ್ ಒಯ್ಯುತ್ತೇವೆ. ದಡದಲ್ಲಿ, ಹವಳದ ದಿಬ್ಬದ ಅಂಚಲ್ಲಿ ಗಾಳ ಹಾಕಲು ಯಾರನ್ನಾದರೂ ಕೇಳಬೇಕಾ? (ಓದುಗರು, ಸಿಡ್ನಿ)

ಉತ್ತರ: ಖಂಡಿತ ಕೇಳಬೇಕು. ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ, ಯಾಕೆಂದರೆ ಹೆಚ್ಚಿನವರು ಕೇಳುವುದೇ ಇಲ್ಲ.

ಸಮುದ್ರ ಎಲ್ಲರದ್ದು ಅಂತ ನಾವು ಅಂದುಕೊಳ್ಳುತ್ತೇವೆ. ಫಿಜಿಯಲ್ಲಿ ಹಾಗಲ್ಲ. ದಡದಿಂದ ಹೊರ ದಿಬ್ಬದವರೆಗಿನ ನೀರಿನಲ್ಲಿ ಮೀನು ಹಿಡಿಯುವ ಹಕ್ಕು ಆಯಾ ಊರಿನ ಕುಲದವರದ್ದು. ಅದಕ್ಕೆ ಗೊಲಿಂಗೊಲಿ ಅನ್ನುತ್ತಾರೆ. ದೇಶದಲ್ಲಿ ಇಂಥ 400ಕ್ಕೂ ಹೆಚ್ಚು ಪಾಲುಗಳು ದಾಖಲಾಗಿವೆ. ನಿಮ್ಮ ತೋಟದ ತೆಂಗಿನಮರಕ್ಕೆ ಗೊತ್ತಿಲ್ಲದವನೊಬ್ಬ ಏಣಿ ಇಟ್ಟರೆ ಹೇಗನ್ನಿಸುತ್ತದೆ? ಕೇಳದೆ ಗಾಳ ಹಾಕಿದರೆ ಅವರಿಗೂ ಹಾಗೇ.

ನಾಂದಿ ಪೇಟೆಯಲ್ಲಿ (ನಕ್ಷೆಯಲ್ಲಿ ನಾಡಿ ಅಂತ ಕಾಣುತ್ತದೆ, ಜನ ನಾಂದಿ ಅನ್ನುತ್ತಾರೆ) ಅರ್ಧ ಕಿಲೋದಷ್ಟು ಯಂಗೊನ ಬೇರಿನ ಕಟ್ಟು ಕೊಳ್ಳಿ. ಅದೇ ಕಾವಾ. ಊರಿಗೆ ಹೋದ ಮೊದಲ ದಿನವೇ ಮನೆಯವರ ಜೊತೆ ಹೋಗಿ ಊರ ಹಿರಿಯರ ಮುಂದೆ ಇಡಿ. ಇದಕ್ಕೆ ಸೆವುಸೆವು ಎಂದು ಹೆಸರು. ಟೋಪಿ ತೆಗೆಯಿರಿ, ಮೊಣಕಾಲು ಮುಚ್ಚುವ ಬಟ್ಟೆ ಉಡಿ, ಚಾಪೆಯ ಮೇಲೆ ಕೂರಿ. ತೆಂಗಿನ ಕರಟದಲ್ಲಿ ಮಣ್ಣುಬಣ್ಣದ ಕಾವಾ ಕೊಡುತ್ತಾರೆ. ಅಂಗೈ ಗುಳಿ ಮಾಡಿ ಒಂದು ಚಪ್ಪಾಳೆ, ‘ಬುಲಾ’ ಅನ್ನಿ, ಒಂದೇ ಗುಕ್ಕಿಗೆ ಕುಡಿಯಿರಿ, ಮತ್ತೆ ಮೂರು ಚಪ್ಪಾಳೆ. ನಾಲಿಗೆ ಸ್ವಲ್ಪ ಮರಗಟ್ಟುತ್ತದೆ, ಹೆದರಬೇಡಿ. ನಮ್ಮಲ್ಲಿ ಎಲೆ ಅಡಿಕೆ ಇಟ್ಟು ಮಾತು ಶುರು ಮಾಡುತ್ತೇವಲ್ಲ, ಅದೇ ಭಾವ. ಆಮೇಲೆ ಅವರೇ ಒಬ್ಬ ಹುಡುಗನನ್ನು ಜೊತೆಗೆ ಕಳಿಸುತ್ತಾರೆ. ಎಲ್ಲಿ ಹಾಕಬಹುದು, ಎಲ್ಲಿ ತಂಬು, ಅಂದರೆ ನಿಷೇಧ, ಎಂದು ಅವನೇ ತೋರಿಸುತ್ತಾನೆ.

ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಹೋಗುವುದಾದರೆ ಇನ್ನೊಂದು ಗಮನದಲ್ಲಿರಲಿ. ಕವಾಕವಾ, ದೊನು ಎಂಬ ಗ್ರೂಪರ್ ಜಾತಿಯ ಮೀನು ಮೊಟ್ಟೆ ಇಡುವ ಕಾಲ ಅದು, ಹಿಡಿಯುವ ಹಾಗಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ಬೋಟು ಕಟ್ಟಿಹಾಕುವುದೂ ಇದೇ ಕಾರಣಕ್ಕೆ ಅಲ್ವಾ. ಗಾಳಕ್ಕೆ ಸಿಕ್ಕರೆ ಮೆಲ್ಲಗೆ ಬಿಟ್ಟುಬಿಡಿ.

ಪ್ರಶ್ನೆ: ಮಗನಿಗೆ ಬಸ್ಸಲ್ಲೇ ವಾಂತಿ ಬರುತ್ತದೆ. ಬೋಟು ತಡೆಯುತ್ತಾನಾ? ತಿನ್ನಲು ಏನು ಕಟ್ಟಿಕೊಡಲಿ? (ತಾಯಿ, ಧಾರವಾಡ)

ಉತ್ತರ: ಅಮ್ಮಾ, ಡಾಕ್ಟರನ್ನು ಕೇಳಿ ಮಾತ್ರೆ ತರಿಸಿಟ್ಟುಕೊಳ್ಳಿ. ಹತ್ತುವ ಮೊದಲೇ ನುಂಗಬೇಕು, ವಾಂತಿ ಶುರುವಾದ ಮೇಲೆ ಉಪಯೋಗವಿಲ್ಲ. ಹೊಟ್ಟೆ ಖಾಲಿ ಬೇಡ. ಎರಡು ಇಡ್ಲಿ, ಒಂದು ಚೂರು ಶುಂಠಿ ಸಾಕು. ಡೀಸೆಲ್ ಹೊಗೆಯಿಂದ ದೂರ ಕೂತು ಬಾನಂಚು ನೋಡುತ್ತಿರಲಿ, ಮೊಬೈಲ್ ಬೇಡ. ಬಾಳೆಹಣ್ಣು ಮಾತ್ರ ಕಟ್ಟಬೇಡಿ. ಬೋಟಿನಲ್ಲಿ ಬಾಳೆಹಣ್ಣಿದ್ದರೆ ಮೀನು ಸಿಗದು ಅಂತ ಎಷ್ಟೋ ಕ್ಯಾಪ್ಟನ್‌ಗಳು ನಂಬುತ್ತಾರೆ. ಅವರ ಮನಸ್ಸು ನೋಯಿಸುವುದು ಯಾಕೆ.

ಪ್ರಶ್ನೆ: ನಾನು ಸಸ್ಯಾಹಾರಿ. ನಮ್ಮ ಯಜಮಾನರಿಗೆ ಈ ಹುಚ್ಚು. ಹಿಡಿದು ಬಿಟ್ಟುಬಿಡುತ್ತೇವೆ, ಮೀನಿಗೆ ಏನೂ ಆಗುವುದಿಲ್ಲ ಅನ್ನುತ್ತಾರೆ. ನಿಜವಾ? (ಓದುಗರು, ಮೈಸೂರು)

ಉತ್ತರ: ಏನೂ ಆಗುವುದಿಲ್ಲ ಅನ್ನುವುದು ನಿಜವಲ್ಲ ಅಕ್ಕಾ. ಎಳೆದಾಟದಲ್ಲಿ ಅದು ಸುಸ್ತಾಗುತ್ತದೆ. ಕೆಲವು ಆಮೇಲೆ ಸಾಯುತ್ತವೆ. ಆದರೆ ಹೇಗೆ ಬಿಡುತ್ತೀರಿ ಅನ್ನುವುದರಿಂದ ತುಂಬಾ ವ್ಯತ್ಯಾಸವಾಗುತ್ತದೆ.

ನಾನು ಮೊದಲ ಸಲ ಮಾಹಿಮಾಹಿಯನ್ನು ಹತ್ತಿರದಿಂದ ನೋಡಿದ್ದು ಬೋಟಿನ ಹಲಗೆಯ ಮೇಲೆ. ನೀರಲ್ಲಿ ಬಂಗಾರ, ಹಸಿರು, ನೀಲಿ ಹೊಳೆಯುತ್ತಿತ್ತು. ಐದು ನಿಮಿಷದಲ್ಲಿ ಬಣ್ಣವೆಲ್ಲ ಇಳಿದು ಬೂದಿಯ ಹಾಗಾಯಿತು. ತಿನ್ನುವುದಕ್ಕೆ ಅಂತ ಹಿಡಿದದ್ದು, ಆದರೂ ಆ ದಿನದಿಂದ ಬಿಡುವ ಮೀನನ್ನು ಮೇಲೆತ್ತಲು ನನಗೆ ಮನಸ್ಸೇ ಬಂದಿಲ್ಲ.

ಮಾರ್ಲಿನ್‌ನಲ್ಲಿ ತುಂಬಾ ದೊಡ್ಡದೆಲ್ಲ ಹೆಣ್ಣು. ಗಂಡು ಅಷ್ಟು ಬೆಳೆಯುವುದಿಲ್ಲ. ಫೋಟೋಗಾಗಿ ಒಂದನ್ನು ಕೊಂದರೆ ಹೋಗುವುದು ಮೊಟ್ಟೆ ಇಡುವ ತಾಯಿ. ಅದಕ್ಕೇ ಯಜಮಾನರಿಗೆ ಮೂರು ಮಾತು ಹೇಳಿ. ವೃತ್ತಾಕಾರದ ಗಾಳ ಇದೆಯಾ ಎಂದು ಕೇಳಲಿ. ಸತ್ತ ಮೀನನ್ನು ಎರೆಯಾಗಿ ಕಟ್ಟಿದಾಗ ಅದು ಹೊಟ್ಟೆಗಿಳಿಯದೆ ಬಾಯಿಯ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ದಪ್ಪ ತಂಗೂಸು ಹಾಕಿಸಿ ಬೇಗ ಹತ್ತಿರ ತರಲಿ. ಗಂಟೆಗಟ್ಟಲೆ ಆಡಿಸುವುದು ಬೇಡ. ಫೋಟೋ ಬೇಕಿದ್ದರೆ ಮೀನು ನೀರಲ್ಲಿದ್ದಾಗಲೇ ತೆಗೆಯಲಿ.

ಬಿಡುವ ಕೆಲಸ ಬೋಟಿನ ಹುಡುಗರದ್ದು. ಕೈಗವಸು ಹಾಕಿ ಉದ್ದ ಕೊಕ್ಕನ್ನು ಹಿಡಿದುಕೊಳ್ಳುತ್ತೇವೆ. ಕ್ಯಾಪ್ಟನ್ ಬೋಟನ್ನು ನಿಧಾನಕ್ಕೆ ಮುಂದೆ ಓಡಿಸುತ್ತಾನೆ, ಕಿವಿರಿನೊಳಗೆ ನೀರು ಹರಿಯಲಿ ಅಂತ. ಕಪ್ಪಾಗಿದ್ದ ಮೈಯಲ್ಲಿ ನೀಲಿ ಪಟ್ಟೆಗಳು ಮೆಲ್ಲಗೆ ಮೂಡುತ್ತವೆ. ಯಾರೂ ಮಾತಾಡುವುದಿಲ್ಲ. ಬಾಲ ಒಮ್ಮೆ ಬಲವಾಗಿ ಬೀಸುತ್ತದೆ, ಆಗ ಕೈ ಬಿಡುತ್ತೇವೆ.